ಕೊಡಗಿನಿಂದ ಒಂದು ಮಿತ ಸರ್ಕಾರದ ಪಕ್ಷ ಕಟ್ಟಬಹುದೇ? ಕಟ್ಟಿದರೆ ಚುನಾವಣೆಯಲ್ಲಿ ಅದರ ಕೆಲಸವೇನು?

ಸಿದ್ದಾಪುರದ ಬೆಳೆಗಾರ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ನಾವು ಏಳೆಂಟು ಮಂದಿ ಸೇರಿದಾಗಲೆಲ್ಲ ಮಾತನಾಡಿಕೊಳ್ಳುತ್ತಿರುವ ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಸರ್ಕಾರ ಬೇಕಾದ ಕಡೆ ಗಟ್ಟಿಯಾಗಿ ನಿಲ್ಲಬೇಕು, ಬೇಡದ ಕಡೆಯಿಂದ ಹಿಂದೆ ಸರಿಯಬೇಕು ಎಂಬ ಒಂದೇ ಮಾತನ್ನು ಹಿಡಿದು ಹೊಸ ಪಕ್ಷವೊಂದನ್ನು ನಮ್ಮ ಜಿಲ್ಲೆಯಿಂದ ಆರಂಭಿಸಬಹುದೇ ಎಂಬುದು ಪ್ರಶ್ನೆ. ಇದಕ್ಕೆ ನಾವು ಸದ್ಯ ‘ಮಿತ ಸರ್ಕಾರ’ ಎಂಬ ಹೆಸರನ್ನು ಬಳಸುತ್ತಿದ್ದೇವೆ.

ಈ ಯೋಚನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನದು 11 ಎಕರೆ ತೋಟ. ರೊಬಸ್ಟಾ ಮತ್ತು ಮರಗಳಿಗೆ ಹಬ್ಬಿಸಿದ ಕರಿಮೆಣಸು. ತೋಟದ ಕೂಲಿಯವರು ವಾಸಿಸುವ ಲೈನ್ ಮನೆಯ ಹಿಂದೆ ಒಂದು ಹಳೆಯ ಬೀಟೆ ಮರವಿತ್ತು. ಒಂದು ಮಳೆಗಾಲದಲ್ಲಿ ಬುಡದ ಮಣ್ಣು ಸಡಿಲವಾಗಿ ಅದು ಮನೆಯ ಕಡೆಗೆ ವಾಲಿತು. ಕಡಿಯಲು ಅನುಮತಿ ಕೋರಿ ಅರ್ಜಿ ಕೊಟ್ಟೆ. ಮರ ನಿಂತ ಜಾಗದ ದಾಖಲೆ ಒಂದು ಕಚೇರಿಯದು, ಮರದ ಲೆಕ್ಕ ಇನ್ನೊಂದು ಕಚೇರಿಯದು. ಪಹಣಿಯಲ್ಲಿ ಇನ್ನೂ ನನ್ನ ಮುತ್ತಜ್ಜನ ಹೆಸರೇ ಇದ್ದುದರಿಂದ ಅರ್ಜಿದಾರ ನಾನೇ ಆಗಬಹುದೇ ಎಂಬುದೂ ಒಂದು ತಕರಾರಾಯಿತು. ಹಿಸ್ಸೆದಾರರೆಲ್ಲರ ಸಹಿ ತನ್ನಿ ಎಂದರು. ಹದಿನೇಳು ಮಂದಿ ಹಿಸ್ಸೆದಾರರಲ್ಲಿ ಐವರು ಊರಿನಲ್ಲೇ ಇಲ್ಲ. ಅರ್ಜಿ ಕೊಟ್ಟು ಹನ್ನೊಂದು ತಿಂಗಳಾದ ಮೇಲೆ, ಮುಂದಿನ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಮರದ ದೊಡ್ಡ ಕೊಂಬೆ ಮುರಿದು ಲೈನ್ ಮನೆಯ ಸಿಮೆಂಟ್ ಶೀಟಿನ ಮೇಲೆ ಬಿತ್ತು. ಅಡುಗೆಯ ಒಲೆಯ ಮೇಲೆಯೇ ಶೀಟಿನ ಚೂರುಗಳು ಬಿದ್ದಿದ್ದವು. ಮಕ್ಕಳು ಆಚೆಯ ಕೋಣೆಯಲ್ಲಿ ಮಲಗಿದ್ದರು, ಅಷ್ಟೇ. ಬೆಳಿಗ್ಗೆ ಹೋಗಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಯಾವ ಅಧಿಕಾರಿಯ ಮೇಲೂ ನನಗೆ ದ್ವೇಷವಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನ ನಿಯಮವನ್ನು ಪಾಲಿಸಿದ್ದರು. ಆ ಮರವನ್ನು ಕಣ್ಣಾರೆ ನೋಡಬಲ್ಲವರು ಯಾರೋ ಅವರಿಗೆ ತೀರ್ಮಾನಿಸುವ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರು ಮರವನ್ನು ನೋಡಿರಲಿಲ್ಲ ಎಂಬುದೇ ನನ್ನ ದೂರು. ಪಕ್ಷವೆಂದು ಕಟ್ಟುವುದಾದರೆ ಇದನ್ನು ಸರಿಪಡಿಸುವುದಕ್ಕಾಗಿ ಕಟ್ಟಬೇಕು.

ಈ ದಾರಿಯಲ್ಲಿ ನಾವೇ ಮೊದಲಿಗರಲ್ಲ. 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಮಾಡಿದ ಮೇಲೆ, ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷವನ್ನು ಕಟ್ಟಿದರು. 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ, 1967ರಲ್ಲಿ 44 ಸ್ಥಾನ. ಅದೇ 1967ರಲ್ಲಿ ನಮ್ಮ ಮೈಸೂರು ವಿಧಾನಸಭೆಯಲ್ಲಿಯೂ ಆ ಪಕ್ಷದ 16 ಮಂದಿ ಶಾಸಕರಿದ್ದರು. 1971ರಲ್ಲಿ ಲೋಕಸಭೆಯಲ್ಲಿ 8ಕ್ಕೆ ಇಳಿಯಿತು. 1974ರಲ್ಲಿ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಅದರ ವಿಚಾರ ಸೋತಿತೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅದು ಮೇಲಿನಿಂದ ಕೆಳಕ್ಕೆ ಕಟ್ಟಿದ ಪಕ್ಷ. ಅನೇಕ ಕಡೆ ಹಳೆಯ ಸಂಸ್ಥಾನಿಕರನ್ನು ಆಧರಿಸಿ ನಿಂತಿತ್ತು, ಉಳ್ಳವರ ಪಕ್ಷ ಎಂಬ ಮಾತನ್ನು ಕೊನೆಯವರೆಗೂ ಕಳಚಿಕೊಳ್ಳಲಿಲ್ಲ. ನಾವು ಕೆಳಗಿನಿಂದ, ಗ್ರಾಮ ಪಂಚಾಯಿತಿಯಿಂದ ಆರಂಭಿಸಿದರೆ ಹೇಗೆ? ನಿಮ್ಮ ಅಭಿಪ್ರಾಯ ಬೇಕು, ಆಕ್ಷೇಪಗಳು ಇನ್ನೂ ಹೆಚ್ಚಾಗಿ ಬೇಕು.

ನಾಪೋಕ್ಲುವಿನ ನಿವೃತ್ತ ಶಿಕ್ಷಕಿ:

ನಿಮ್ಮ ನೋವು ಅರ್ಥವಾಯಿತು. ನನ್ನ ತಂದೆಯವರ ಕಾಲದಲ್ಲಿ ಬೆಳೆಗಾರನಿಗೆ ತಾನು ಬೆಳೆದ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯವಿರಲಿಲ್ಲ ಎಂಬುದನ್ನು ಇಲ್ಲಿರುವ ಕಿರಿಯರಿಗೆ ಹೇಳಬೇಕು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಹಾಕಬೇಕಾಗಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿರುತ್ತಿತ್ತು. ತಂದೆಯವರು ಆ ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟುಕೊಂಡು, ನನ್ನ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರ ಬಂದಾಗ ಒಂದೊಂದಾಗಿ ತೆಗೆದು ನೋಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಆ ಕಟ್ಟು ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಸರ್ಕಾರ ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೆ ಆ ಕಥೆಯ ಉಳಿದರ್ಧವನ್ನೂ ಹೇಳಬೇಕು. ಆಮೇಲೆ ನಾಲ್ಕೈದು ವರ್ಷಗಳಲ್ಲೇ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಎಷ್ಟು ಮನೆಗಳು ಸಾಲದಲ್ಲಿ ಮುಳುಗಿದವು ಎಂಬುದನ್ನು ನಾನು ನೋಡಿದ್ದೇನೆ. ಕಾಫಿ ಗಿಡದ ಕಾಂಡಕೊರಕ ಹುಳದ ಕಾಟಕ್ಕೆ ಪರಿಹಾರ ಹುಡುಕುವ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರವನ್ನು ಯಾವ ವ್ಯಾಪಾರಿಯೂ ನಡೆಸುವುದಿಲ್ಲ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಮಕ್ಕಳು ಕಡಿಮೆ ಎಂದು ಊರಿನ ಶಾಲೆಗೆ ಬೀಗ ಹಾಕಿದಾಗ ಆರು ವರ್ಷದ ಮಗು ಆನೆ ಓಡಾಡುವ ದಾರಿಯಲ್ಲಿ ಮೂರು ಮೈಲಿ ನಡೆಯಬೇಕಾಗುತ್ತದೆ. ಸರ್ಕಾರವನ್ನು ಚಿಕ್ಕದು ಮಾಡುವುದೆಂದರೆ ನಿಮ್ಮ ಲೆಕ್ಕದಲ್ಲಿ ಇದೂ ಸೇರುತ್ತದೆಯೇ? ಇದಕ್ಕೆ ಸ್ಪಷ್ಟ ಉತ್ತರ ಬರುವವರೆಗೆ ನನ್ನ ಬೆಂಬಲ ಅರ್ಧ ಮಾತ್ರ.

ಮಡಿಕೇರಿಯ ವಕೀಲ:

ತತ್ವದ ಚರ್ಚೆ ನಡೆಯಲಿ. ನಾನು ಕಾನೂನಿನ ಭಾಗವನ್ನು ಹೇಳುತ್ತೇನೆ, ಏಕೆಂದರೆ ಬಹಳಷ್ಟು ಹೊಸ ಪಕ್ಷಗಳು ಎಡವುವುದು ಇಲ್ಲಿಯೇ.

ಪಕ್ಷದ ನೋಂದಣಿ ಆಗುವುದು 1951ರ ಜನಪ್ರತಿನಿಧಿ ಕಾಯಿದೆಯ 29ಎ ಕಲಮಿನ ಅಡಿಯಲ್ಲಿ. ಪಕ್ಷ ಸ್ಥಾಪನೆಯಾದ 30 ದಿನಗಳ ಒಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಮತದಾರರಾಗಿರುವ ಕನಿಷ್ಠ 100 ಮಂದಿ ಸದಸ್ಯರು, ತಾವು ಬೇರೆ ಯಾವ ಪಕ್ಷದಲ್ಲಿಯೂ ಇಲ್ಲವೆಂದು ಒಬ್ಬೊಬ್ಬರಾಗಿ ಅಫಿಡವಿಟ್ ಕೊಡಬೇಕು. ಶುಲ್ಕ 10,000 ರೂಪಾಯಿ. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಗಳಿಗೆ ಅವಕಾಶ ಮಾಡಬೇಕು. ಇದೆಲ್ಲ ಶ್ರಮದ ಕೆಲಸ, ಆದರೆ ಕಷ್ಟದ್ದಲ್ಲ.

ಕಷ್ಟದ್ದು ಬೇರೆ ಇದೆ. ಅದೇ ಕಲಮಿನ ಪ್ರಕಾರ ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೆ ನಿಷ್ಠೆಯ ಜೊತೆಗೆ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆಯನ್ನು ಘೋಷಿಸಬೇಕು. ಮಿತ ಸರ್ಕಾರದ ಪಕ್ಷ ಸಮಾಜವಾದಕ್ಕೆ ನಿಷ್ಠೆ ಬರೆದುಕೊಡುವುದು ಹೇಗೆ ಎಂಬುದು ಹಳೆಯ ಮನಸ್ಸಾಕ್ಷಿಯ ಪ್ರಶ್ನೆ. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿಯವರು 1994ರಲ್ಲಿ ಸ್ವತಂತ್ರ ಭಾರತ ಪಕ್ಷವನ್ನು ಕಟ್ಟಿದವರು. ರಾಜ್ಯಸಭೆಯಲ್ಲಿದ್ದಾಗ ಆ ಪದವನ್ನು ಕಾಯಿದೆಯಿಂದ ತೆಗೆಯಬೇಕೆಂದು ಖಾಸಗಿ ಮಸೂದೆಯನ್ನೇ ತಂದಿದ್ದರು. ಪದ ಇಂದಿಗೂ ಇದೆ. ಆದರೆ 2024ರ ನವೆಂಬರ್‌ನಲ್ಲಿ ಸಂವಿಧಾನದ ಪೀಠಿಕೆಯಲ್ಲಿರುವ ಅದೇ ಪದದ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಡುವಾಗ, ನಮ್ಮಲ್ಲಿ ಸಮಾಜವಾದವೆಂದರೆ ಕಲ್ಯಾಣ ರಾಜ್ಯ ಮತ್ತು ಸಮಾನ ಅವಕಾಶ, ಅದು ಖಾಸಗಿ ಉದ್ಯಮವನ್ನು ತಡೆಯುವುದಿಲ್ಲ ಎಂಬ ಅರ್ಥವನ್ನು ಎತ್ತಿಹಿಡಿದಿದೆ. ಆ ಅರ್ಥದಲ್ಲಿ ಸಹಿ ಹಾಕಲು ನನ್ನ ಮನಸ್ಸು ಅಳುಕುವುದಿಲ್ಲ. ನಿಮ್ಮ ಪೈಕಿ ಕೆಲವರಿಗೆ ಅಳುಕಿದರೆ ಅದನ್ನೂ ಗೌರವಿಸುತ್ತೇನೆ.

ಇನ್ನು ಗ್ರಾಮ ಪಂಚಾಯಿತಿಯಿಂದ ಆರಂಭಿಸುವ ಮಾತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ; ನಿಮ್ಮ ಪಕ್ಷ ನೋಂದಣಿಯಾಗುವುದು ಭಾರತ ಚುನಾವಣಾ ಆಯೋಗದಲ್ಲಿ. ಅದು ನಡೆಸುವ ವಿಧಾನಸಭೆ ಅಥವಾ ಲೋಕಸಭೆಯ ಚುನಾವಣೆಯಲ್ಲಿ ಸ್ಪರ್ಧಿಸದ ಪಕ್ಷದ ಹೆಸರು ಪಟ್ಟಿಯಲ್ಲಿ ಉಳಿಯುವುದಿಲ್ಲ. 2025ರ ಆಗಸ್ಟ್‌ನಲ್ಲಿ, ಆರು ವರ್ಷ ಎಲ್ಲಿಯೂ ಸ್ಪರ್ಧಿಸದ 334 ಪಕ್ಷಗಳನ್ನು ಆಯೋಗ ಒಂದೇ ಬಾರಿಗೆ ಕೈಬಿಟ್ಟಿತು. ನೂರು ಪಂಚಾಯಿತಿ ಸದಸ್ಯರನ್ನು ಗೆಲ್ಲಿಸಿದರೂ ಆ ಲೆಕ್ಕದಲ್ಲಿ ನೀವು ಸ್ಪರ್ಧಿಸಿಯೇ ಇಲ್ಲ.

ವಿಧಾನಸಭೆಗೆ ಹೋಗುವುದಾದರೆ ಚಿಹ್ನೆಯ ಪ್ರಶ್ನೆ ಬರುತ್ತದೆ. ಮಾನ್ಯತೆ ಇಲ್ಲದ ಪಕ್ಷ ತನ್ನ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಕೇಳಬೇಕಾದರೆ ಶೇ 5ರಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬೇಕು. 224ರಲ್ಲಿ ಅದು 12 ಕ್ಷೇತ್ರ. ಕೊಡಗಿನಲ್ಲಿ ಈಗ ಇರುವುದು ಮಡಿಕೇರಿ, ವಿರಾಜಪೇಟೆ ಎರಡೇ. 2008ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಹೋಯಿತು. ಹಾಗಾಗಿ ಇದು ಕೊಡಗಿನ ಪಕ್ಷವಾಗಿ ಉಳಿಯಲಾರದು. ಚಿಕ್ಕಮಗಳೂರಿನ 5, ಹಾಸನದ 7 ಸೇರಿದರೆ 14 ಆಗುತ್ತದೆ. ಕಾಫಿಯ ಮೂರು ಜಿಲ್ಲೆಗಳು ಒಟ್ಟಾದರೆ ಚಿಹ್ನೆ ಸಿಗುತ್ತದೆ. ಅದರಲ್ಲಿ ಮೂಡಿಗೆರೆ, ಸಕಲೇಶಪುರ ಪರಿಶಿಷ್ಟ ಜಾತಿಗೆ ಮೀಸಲು ಎಂಬುದನ್ನು ಮರೆಯಬೇಡಿ. ಬೆಳೆಗಾರರು ಮಾತ್ರ ಕೂತು ಮಾತನಾಡುವ ಪಕ್ಷಕ್ಕೆ ಅಲ್ಲಿ ಅಭ್ಯರ್ಥಿ ಸಿಗುವುದಿಲ್ಲ. ಠೇವಣಿ ಸಾಮಾನ್ಯ ಅಭ್ಯರ್ಥಿಗೆ 10,000, ಪರಿಶಿಷ್ಟರಿಗೆ ಅದರ ಅರ್ಧ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದು ಹೋದ ಹಾಗೆಯೇ.

ಶನಿವಾರಸಂತೆಯ ಮಾಜಿ ಪಂಚಾಯಿತಿ ಸದಸ್ಯ:

ವಕೀಲರು ಹೇಳಿದ್ದು ಸರಿ, ಆದರೆ ಪಂಚಾಯಿತಿಯನ್ನು ಬಿಟ್ಟುಬಿಡಬೇಡಿ. ನಾನು ಐದು ವರ್ಷ ಅಲ್ಲಿ ಕೂತವನು. ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯಗಳು ಪಂಚಾಯಿತಿಗೆ ಸೇರಬೇಕಾದವು ಎಂದು ಬರೆದಿದೆ. ವಾಸ್ತವದಲ್ಲಿ ಬರುವ ಅನುದಾನದ ಬಹುಭಾಗ ಯಾವುದಕ್ಕೆ ಖರ್ಚಾಗಬೇಕು ಎಂದು ಮೇಲಿನಿಂದಲೇ ತೀರ್ಮಾನವಾಗಿ ಬರುತ್ತದೆ. ನಮ್ಮ ವಾರ್ಡಿನಲ್ಲಿ ಮಳೆಗಾಲದಲ್ಲಿ ಕೊಚ್ಚಿಹೋಗುವ ಒಂದು ಮೋರಿ ಇತ್ತು. ಅದಕ್ಕೆ ಹಣ ಇರಲಿಲ್ಲ. ಆದರೆ ಯಾರೂ ಕೇಳದ ಒಂದು ನಾಮಫಲಕಕ್ಕೆ ಇತ್ತು. ಮೂರು ಮಳೆಗಾಲ ನಾನು ಆ ಮೋರಿಯ ಎದುರು ನಿಂತು ಜನರಿಗೆ ಉತ್ತರ ಹೇಳಿದ್ದೇನೆ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಸ್ಥಿತಿ ಇನ್ನೂ ಬೇಸರದ್ದು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳು ನಡೆಸುವಂತಾಯಿತು. ಸರ್ಕಾರ ಚಿಕ್ಕದಾಗಲಿ ಎನ್ನುವವರು ಮೊದಲು ಕೇಳಬೇಕಾದದ್ದು ಈ ಚುನಾವಣೆಯನ್ನು. ಅವು ಪಕ್ಷದ ಚಿಹ್ನೆಯ ಮೇಲೆ ನಡೆಯುವ ಚುನಾವಣೆಗಳು. ಹೊಸ ಪಕ್ಷ ಬೇರು ಬಿಡುವ ಮಣ್ಣೂ ಅದೇ.

ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರು:

ನನ್ನದೊಂದು ಸಣ್ಣ ಮಾತು. ಮೂರು ಕೋಣೆಯ ಹೋಂಸ್ಟೇಗೆ ನಾನು ಒಂದೇ ಆಧಾರ್ ಪ್ರತಿ, ಒಂದೇ ಮನೆ ನಕ್ಷೆಯನ್ನು ಬೇರೆ ಬೇರೆ ಕಚೇರಿಗಳಿಗೆ ಕೊಟ್ಟಿದ್ದೇನೆ. ನಿಯಮ ಬೇಡವೆನ್ನುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ನೋಡಿದವಳು ನಾನು. ಇಳಿಜಾರಿನಲ್ಲಿ ಮನಸ್ಸಿಗೆ ಬಂದಂತೆ ಮಣ್ಣು ಅಗೆಯುವವರನ್ನು ಯಾರಾದರೂ ತಡೆಯಲೇಬೇಕು. ಅಂಥ ಕಡೆ ಗಟ್ಟಿಯಾಗಿ ನಿಲ್ಲದ ಸರ್ಕಾರ, ನನ್ನ ಆಧಾರ್ ಪ್ರತಿಯನ್ನು ಮತ್ತೆ ಮತ್ತೆ ಕೇಳುತ್ತದೆ. ಈ ವ್ಯತ್ಯಾಸವನ್ನು ನೀವು ಬರೆಯುವ ಪಕ್ಷದ ಧ್ಯೇಯಗಳ ಕರಡಿನಲ್ಲಿ ಬಿಡಿಸಿ ಬರೆಯಿರಿ.

ಸಿದ್ದಾಪುರದ ಬೆಳೆಗಾರ:

ಟೀಚರ್, ನಿಮ್ಮ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ಪಡಿತರ, ಸಂಶೋಧನೆ ಇವುಗಳನ್ನು ಮುಟ್ಟುವುದಿಲ್ಲ. ಶಾಲೆಯನ್ನು ಮುಚ್ಚುವ ತೀರ್ಮಾನ ಆ ಊರಿನ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಆಗಬಾರದು ಎಂಬುದನ್ನು ಕರಡಿನಲ್ಲಿಯೇ ಸೇರಿಸುತ್ತೇನೆ. ಚಿಕ್ಕದಾಗಬೇಕಾದದ್ದು ಅನುಮತಿ ಕೊಡುವ ಮೇಜುಗಳ ಸಂಖ್ಯೆ, ಒಂದು ಅರ್ಜಿ ನಡೆಯಬೇಕಾದ ದೂರ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಸರ್ಕಾರ ಹಿಂದೆ ಸರಿಯಲಿ ಎಂದು ಒಂದು ಕಡೆ ಹೇಳುತ್ತಾ, ಇನ್ನೊಂದು ಕಡೆ ತೋಟದ ಪಂಪ್‌ಸೆಟ್ಟಿಗೆ 10 ಅಶ್ವಶಕ್ತಿಯವರೆಗೆ ಉಚಿತ ವಿದ್ಯುತ್ ಕೇಳುವುದು ಬೆಳೆಗಾರರಾದ ನಮಗೆ ಶೋಭಿಸುವುದಿಲ್ಲ. ಆ ಬೇಡಿಕೆಗೆ ನಾನೂ ಒಮ್ಮೆ ಸಹಿ ಹಾಕಿದ್ದೆ. ಪಕ್ಷ ಕಟ್ಟುವುದಾದರೆ ಅದನ್ನು ಬಿಡಬೇಕಾಗುತ್ತದೆ, ಬಿಡಲು ಸಿದ್ಧನಿದ್ದೇನೆ.

ಚುನಾವಣೆಯಲ್ಲಿ ನಮ್ಮ ಪಾತ್ರದ ಬಗ್ಗೆ ನನ್ನ ಅಂದಾಜು ಇಷ್ಟು: 2023ರ ವಿಧಾನಸಭಾ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡರಲ್ಲಿಯೂ ಗೆಲುವಿನ ಅಂತರ ಐದು ಸಾವಿರ ಮತಗಳಿಗಿಂತ ಕಡಿಮೆ. ಐದು ಸಾವಿರ ಮತಗಳನ್ನು ಹಿಡಿದಿಟ್ಟುಕೊಂಡ ಪಕ್ಷ ಗೆಲ್ಲದಿದ್ದರೂ, ಗೆಲ್ಲುವವರು ಅದರ ಮಾತನ್ನು ಕೇಳಲೇಬೇಕಾಗುತ್ತದೆ.

ನಾಪೋಕ್ಲುವಿನ ನಿವೃತ್ತ ಶಿಕ್ಷಕಿ:

ಉತ್ತರ ಕೊಟ್ಟದ್ದಕ್ಕೆ ಸಂತೋಷ. ಆದರೆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಒಬ್ಬರನ್ನು ಸೋಲಿಸುವ ಶಕ್ತಿಯನ್ನೇ ಬಂಡವಾಳ ಮಾಡಿಕೊಂಡ ಪಕ್ಷಗಳು ಕೊನೆಗೆ ಮಾತುಕತೆಯ ಮೇಜಿನಲ್ಲಿ ಕರಗಿಹೋಗುತ್ತವೆ.

ನಮ್ಮದೇ ಇತಿಹಾಸ ನೋಡಿ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ ಸಿ.ಎಂ. ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ 15, ವಿಲೀನವನ್ನು ವಿರೋಧಿಸಿದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ 9 ಗೆದ್ದವು. ಹೊಸದೊಂದು ಸ್ಥಳೀಯ ಪಕ್ಷಕ್ಕೆ ಅದು ಸಣ್ಣ ಸಾಧನೆಯಲ್ಲ. ಆದರೆ 1956ರ ನವೆಂಬರ್ 1ರಂದು ಮೈಸೂರಿನೊಡನೆ ವಿಲೀನವಾದ ಮೇಲೆ ಆ ಪಕ್ಷಕ್ಕೆ ನಿಲ್ಲಲು ನೆಲವಿರಲಿಲ್ಲ, ಏಕೆಂದರೆ ಅದು ಒಂದನ್ನು ತಡೆಯುವುದಕ್ಕಾಗಿ ಹುಟ್ಟಿತ್ತು. ನಿಮ್ಮದು ಏನನ್ನು ಮಾಡುವುದಕ್ಕಾಗಿ ಹುಟ್ಟುತ್ತಿದೆ ಎಂಬುದನ್ನು ಮೊದಲ ಪುಟದಲ್ಲಿ ಹೇಳಿ.

ತಿತಿಮತಿ ಸಮೀಪದ ಹಾಡಿಯ ಯುವಕ:

ಬಹಳ ಹೊತ್ತು ಓದುತ್ತಾ ಇದ್ದೆ, ಬರೆಯಬೇಕೋ ಬೇಡವೋ ಎಂದು. ನಾನು ಜೇನುಕುರುಬರವನು; ಹಾಡಿ ಎಂದರೆ ನಮ್ಮಂಥ ಬುಡಕಟ್ಟಿನವರ ವಸತಿ. ಆಶ್ರಮ ಶಾಲೆಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಈಗ ಗೋಣಿಕೊಪ್ಪಲಿನಲ್ಲಿ ಕೆಲಸದಲ್ಲಿದ್ದೇನೆ. ಸರ್ಕಾರ ಇಲ್ಲದಿದ್ದರೆ ನನಗೆ ಅಕ್ಷರ ಬರುತ್ತಿರಲಿಲ್ಲ. ಹಾಗೆಂದು ಸರ್ಕಾರದಿಂದ ನಾವು ಸುಖಪಟ್ಟವರೂ ಅಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಕುಟುಂಬಗಳ ಗುಡಿಸಲುಗಳನ್ನು ಕಿತ್ತುಹಾಕಿದಾಗ ನಮ್ಮ ಸಂಬಂಧಿಕರು ಚಳಿಯಲ್ಲಿ ಮರದ ಕೆಳಗೆ ಮಲಗಿದ್ದರು.

ಸಿದ್ದಾಪುರದ ಸರ್, ನಿಮ್ಮ ಬೀಟೆ ಮರದ ಕಥೆಯನ್ನು ಎರಡು ಸಲ ಓದಿದೆ. ನನ್ನ ಅಮ್ಮ ಇಪ್ಪತ್ತು ವರ್ಷ ಲೈನ್ ಮನೆಯಲ್ಲಿದ್ದವಳು, ಅದಕ್ಕಾಗಿ. ಹನ್ನೊಂದು ತಿಂಗಳು ಅರ್ಜಿ ಹಿಡಿದು ಅಲೆದಿರಿ, ಅದು ನಿಜವಾದ ಕಷ್ಟ. ಆದರೆ ಆ ಮರ ವಾಲಿದ್ದು ಯಾರ ತಲೆಯ ಮೇಲೆ? ಆ ಮನೆಯವರಿಗೆ ಅರ್ಜಿ ಕೊಡುವ ಹಕ್ಕೇ ಇರಲಿಲ್ಲ. ನೆಲ ಅವರದಲ್ಲ, ಮನೆ ಅವರದಲ್ಲ, ಮರ ಅವರದಲ್ಲ. ನಿಮ್ಮ ಪಕ್ಷ ಬಂದು ಹನ್ನೊಂದು ತಿಂಗಳನ್ನು ಹನ್ನೊಂದು ದಿನ ಮಾಡಿದರೂ ಆ ಅರ್ಜಿಯಲ್ಲಿ ಅವರ ಹೆಸರು ಎಲ್ಲಿರುತ್ತದೆ?

ಇನ್ನೊಂದು ವಿಷಯ. ನೀವು ಹುಡುಕುತ್ತಿರುವ ತತ್ವ ಒಂದು ಕಾನೂನಿನಲ್ಲಿ ಆಗಲೇ ಇದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ, ಯಾರಿಗೆ ಯಾವ ಹಕ್ಕಿದೆ ಎಂದು ಗುರುತಿಸುವ ಕೆಲಸವನ್ನು ಮೊದಲು ಆರಂಭಿಸುವ ಅಧಿಕಾರ ಗ್ರಾಮಸಭೆಗಿದೆ. ಕಾಡನ್ನು ನೋಡಬಲ್ಲವರೇ ಮೊದಲು ಹೇಳಲಿ ಎಂಬುದೇ ಅದರ ಅರ್ಥ. ನಮ್ಮ ಹಾಡಿಗಳಲ್ಲಿ ಎಷ್ಟೋ ಅರ್ಜಿಗಳು ಗ್ರಾಮಸಭೆ ದಾಟಿ ಮೇಲೆ ಹೋಗಿ ಅಲ್ಲಿಯೇ ಕೂತಿವೆ. ಬೆಳೆಗಾರರ ಪಹಣಿಗೆ ಮಾತ್ರ ಹೋರಾಡುವ ಪಕ್ಷವಾದರೆ ಅದು ನಿಮ್ಮ ಪಕ್ಷ. ನಮ್ಮ ಹಕ್ಕುಪತ್ರಕ್ಕೂ ಅಷ್ಟೇ ಜೋರಾಗಿ ಕೇಳುವುದಾದರೆ, ನೂರು ಅಫಿಡವಿಟ್‌ಗಳಲ್ಲಿ ಒಂದು ನನ್ನದು.

ಮಡಿಕೇರಿಯ ವಕೀಲ:

ತಮ್ಮಾ, ನೀವು ಹೇಳಿದ ಅರಣ್ಯ ಹಕ್ಕು ಕಾಯಿದೆಯ ಮಾತು ಅಕ್ಷರಶಃ ಸರಿ. ಇಷ್ಟು ದಿನ ನಾವೆಲ್ಲ ಚರ್ಚೆ ಮಾಡಿದರೂ ಅದು ನಮಗೆ ಹೊಳೆದಿರಲಿಲ್ಲ. ಜಮ್ಮಾ ಬಾಣೆಯ, ಅಂದರೆ ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮೀನಿನ, ದಾಖಲೆಯ ತೊಡಕಿಗೂ ಹಾಡಿಯ ಹಕ್ಕುಪತ್ರಕ್ಕೂ ಮೂಲ ಒಂದೇ: ತಲೆಮಾರುಗಳಿಂದ ಇದ್ದವರ ಹೆಸರನ್ನು ಕಾಗದ ಒಪ್ಪುತ್ತಿಲ್ಲ. ಆದರೆ ಲೈನ್ ಮನೆಯವರ ಪ್ರಶ್ನೆ ಬೇರೆ, ಅದು ನಮ್ಮ ತೋಟಗಳ ಒಳಗಿನದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಸುಲಭ ಮಾಡಿಕೊಳ್ಳಬೇಡಿ ಎಂದು ಕರಡು ಬರೆಯುವವರಲ್ಲಿ ನನ್ನ ವಿನಂತಿ.

ಸಿದ್ದಾಪುರದ ಬೆಳೆಗಾರ:

ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ತಿತಿಮತಿಯ ತಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಬೆಳಿಗ್ಗೆ ಒಡೆದ ಶೀಟನ್ನು ನೋಡಿ ನಾನು ನನ್ನ ಅರ್ಜಿಯನ್ನು ನೆನೆದು ಸಿಟ್ಟಾಗಿದ್ದೆ. ಅಲ್ಲಿದ್ದ ಅಕ್ಕ ಒಲೆಯ ಮೇಲಿನ ಚೂರುಗಳನ್ನು ಮೊರದಲ್ಲಿ ತುಂಬುತ್ತಿದ್ದರು. ಮರ ವಾಲಿದ ದಿನದಿಂದ ಅವರು ಏನೂ ಕೇಳಿರಲಿಲ್ಲ. ಕೇಳಲು ಅವರಿಗೆ ನನ್ನ ಬಿಟ್ಟು ಬೇರೆ ಬಾಗಿಲೇ ಇರಲಿಲ್ಲ ಎಂಬುದು ನನಗೆ ಆಗ ತೋಚಲೇ ಇಲ್ಲ.

ಕರಡನ್ನು ಬದಲಾಯಿಸಿದ್ದೇನೆ. ಮೊದಲ ಕಲಮು ಈಗ ಪಹಣಿಯ ಬಗ್ಗೆ ಮಾತ್ರ ಇಲ್ಲ. ತಲೆಮಾರುಗಳಿಂದ ಒಂದು ನೆಲದಲ್ಲಿ ಇರುವವರ ಹೆಸರನ್ನು, ಅದು ಬಾಣೆಯಾಗಿರಲಿ ಹಾಡಿಯಾಗಿರಲಿ, ಗ್ರಾಮಸಭೆ ಗುರುತಿಸಿದ ಮೇಲೆ ನಿಗದಿತ ದಿನಗಳೊಳಗೆ ದಾಖಲೆಗೆ ಸೇರಿಸಬೇಕು. ಸೇರಿಸುವುದಿಲ್ಲವಾದರೆ ಕಾರಣವನ್ನು ಅದೇ ಗ್ರಾಮಸಭೆಯ ಮುಂದೆ ಬಂದು ಹೇಳಬೇಕು ಎಂದು ಬರೆದಿದ್ದೇನೆ. ಟೀಚರ್, ಪಕ್ಷ ಏನನ್ನು ಮಾಡುವುದಕ್ಕಾಗಿ ಹುಟ್ಟುತ್ತಿದೆ ಎಂದು ಕೇಳಿದ್ದಿರಿ. ಇದು ನನ್ನ ಉತ್ತರ. ಐದು ಸಾವಿರ ಮತಗಳ ಮಾತನ್ನು ಕರಡಿನಿಂದ ತೆಗೆದುಹಾಕಿದ್ದೇನೆ.

ಎರಡನೆಯ ಕಲಮು ಲೈನ್ ಮನೆಯದು. ಪ್ರಾಣಕ್ಕೆ, ಮನೆಗೆ, ದಾರಿಗೆ, ಕುಡಿಯುವ ನೀರಿಗೆ ಸಂಬಂಧಿಸಿದ ಅರ್ಜಿಯನ್ನು ಅಲ್ಲಿ ವಾಸಿಸುವ ಯಾರು ಬೇಕಾದರೂ ಕೊಡಬಹುದು, ನೆಲದ ಒಡೆತನ ಕೇಳಬಾರದು ಎಂದು ಬರೆದಿದ್ದೇನೆ. ಇದರಿಂದ ನಮ್ಮ ಕೆಲವು ಗೆಳೆಯರಿಗೆ ಅಸಮಾಧಾನವಾಗಿದೆ. ಇಬ್ಬರು ತಮ್ಮ ಅಫಿಡವಿಟ್ ಹಿಂದಕ್ಕೆ ಪಡೆದಿದ್ದಾರೆ. ಮೂವತ್ತೊಂದು ಇದ್ದದ್ದು ಇಪ್ಪತ್ತೊಂಬತ್ತು ಆಗಿದೆ. ಮೂವತ್ತನೆಯದು ನಿಮ್ಮದಾಗಲಿ, ತಮ್ಮ.

ಅಭ್ಯರ್ಥಿಗಳ ವಿಷಯ ಈಗ ಬೇಡ. ಶನಿವಾರಸಂತೆಯ ಅಣ್ಣ ಹೇಳಿದಂತೆ ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಸಿ ಎಂಬ ಮನವಿಯಿಂದ ಆರಂಭಿಸೋಣ. ಸಕಲೇಶಪುರ, ಮೂಡಿಗೆರೆಯ ಕಡೆ ಹೋಗಿ ಅಲ್ಲಿಯ ಕೂಲಿಯವರ ಜೊತೆಗೂ ಕೂತು ಮಾತನಾಡಿ ಬರೋಣ.

ನಿನ್ನೆ ಸಂಜೆ ಎರಡನೆಯ ಕಲಮನ್ನು ಆ ಅಕ್ಕನಿಗೆ ಓದಿ ಹೇಳಿದೆ. ಕೇಳಿಸಿಕೊಂಡು, ‘ನಾನು ಅರ್ಜಿ ಕೊಟ್ಟರೆ ಯಾರಾದರೂ ನನ್ನನ್ನು ಮನೆ ಬಿಡು ಎಂದರೆ?’ ಎಂದು ಕೇಳಿದರು. ಅದಕ್ಕೆ ಕರಡಿನಲ್ಲಿ ಏನೂ ಇಲ್ಲ. ವಕೀಲರೇ, ಭಾನುವಾರದೊಳಗೆ ಆ ಒಂದು ವಾಕ್ಯವನ್ನು ಬರೆದುಕೊಡಲು ಸಾಧ್ಯವೇ?